ಮೋಟರ್ ಬಿಟ್ಟು ಬಾರದ ಅಮ್ಮ

ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಎಲ್ಲರೂ ಅವಳನ್ನು ಪಂಪಕ್ಕ ಎನ್ನುತ್ತಿದ್ದರು. ಪಂಪಿನ ಮೈಗೆ ಸೆನ್ಸರ್ ಅಂಟಿಸಿ, ಅದರ ನಡುಕವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಯಾವ ಬೇರಿಂಗ್ ಸವೆದಿದೆ ಎಂದು ಹೇಳುವುದು ಅವಳ ಕಸುಬು. ಎಂಥ ಕಲಸುಮೇಲೋಗರದ ಸದ್ದು ಕೊಟ್ಟರೂ ಸಾಫ್ಟ್‌ವೇರ್ ಅದನ್ನು ಬಿಡಿಬಿಡಿ ಸ್ವರಗಳಾಗಿ ಒಡೆದು, ಯಾವ ಸ್ವರ ಎಷ್ಟಿದೆ ಎಂದು ಅಂಕಿಗಳ ಸಾಲು ಮುಂದಿಡುತ್ತದೆ. ಅವೇ ಫೂರಿಯೆ ಗುಣಾಂಕಗಳು. ಪಂಪಕ್ಕನಿಗೆ ಅವು ಅಂಗೈ ಮೇಲಿನ ನೆಲ್ಲಿಕಾಯಿ. ಮನುಷ್ಯರು ಮಾತ್ರ ಅಷ್ಟು ಸುಲಭಕ್ಕೆ ಅರ್ಥವಾಗುತ್ತಿರಲಿಲ್ಲ. ಮದುವೆಯ ಮಾತೆತ್ತಿದವರೆಲ್ಲ ಸುಸ್ತಾಗಿ ಬಿಟ್ಟುಬಿಟ್ಟಿದ್ದರು.

ಎರಡು ಕೋಣೆಯ ಮನೆಯಲ್ಲಿ ಅವಳು, ಅಮ್ಮ. ಅಮ್ಮ ಕಿಟಕಿಯ ಬಳಿ ಮೋಟರ್ ಹಾಕಿಸಿದ ಹೊಲಿಗೆ ಯಂತ್ರದ ಮುಂದೆ ಕೂತು ಗುನುಗುತ್ತಿದ್ದಳು. ಹಾಡೇನಲ್ಲ, ಉದ್ದಕ್ಕೆ ಒಂದೇ ಎಳೆ. "ಜೋರಾಗಿ ಹಾಡಮ್ಮ" ಎಂದರೆ ಬಾಯಿಗೆ ಬೀಗ. ಕಳೆದ ವರ್ಷ ಅಮ್ಮ ಹೋಗಿಬಿಟ್ಟಳು. ಉಳಿದದ್ದು, ಹೊಸ ಫೋನಿನ ಮೈಕು ಪರೀಕ್ಷಿಸುವಾಗ ಅಕಸ್ಮಾತ್ತಾಗಿ ರೆಕಾರ್ಡಾದ ಅವಳ ಗುನುಗಿನ ಒಂದು ತುಣುಕು. ಅದರ ತುಂಬ ಮೋಟರಿನ ಗುಂಯ್. ಅಮ್ಮ ಎಲ್ಲೋ ತಳದಲ್ಲಿದ್ದಳು.

"ಆ ಮೋಟರ್ ಸದ್ದು ತೆಗೆದುಬಿಡಕ್ಕ. ನಂಗೆ ಅಮ್ಮನ ದನಿಯೊಂದೇ ಬೇಕು," ಎಂದ ಬೇರೆ ಊರಿನಲ್ಲಿದ್ದ ತಮ್ಮ ಫೋನಿನಲ್ಲಿ. "ಊರ ಪಂಪುಗಳ ಗೋಳೆಲ್ಲ ಕೇಳ್ತೀಯ, ಇದೇನು ಮಹಾ?"

ಅವಳಿಗೂ ಬೇಕಿದ್ದದ್ದು ಅದೇ. ಖಾಲಿ ಮನೆಯಲ್ಲಿ ಆ ದನಿ ಒಮ್ಮೆ ಸ್ಪಷ್ಟವಾಗಿ ಕೇಳಿದ್ದರೆ ಸಾಕಿತ್ತು.

ಭಾನುವಾರ ಬೆಳಿಗ್ಗೆ ಕೂತಳು. ತೆರೆಯ ಮೇಲೆ ಮೋಟರಿನ ಸ್ವರಗಳು ಕಂಬಗಳ ಹಾಗೆ ಎದ್ದು ನಿಂತಿದ್ದವು. ಅವುಗಳ ಗುಣಾಂಕಗಳನ್ನು ಸೊನ್ನೆ ಮಾಡಿ, ಅಂಕಿಗಳನ್ನು ಮತ್ತೆ ಸದ್ದಾಗಿಸಿದರೆ ಗುಂಯ್ ಅರ್ಧವಷ್ಟೇ ಇಳಿದಿತ್ತು. ಸಾಲಿನ ಎಡಭಾಗದ ಪ್ರತಿ ಅಂಕಿಗೂ ಬಲಭಾಗದಲ್ಲಿ ಕನ್ನಡಿಯ ಬಿಂಬದಂಥ ಜೋಡಿ ಇರುತ್ತದೆ. ಅದನ್ನು ಅಳಿಸಲು ಮರೆತಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಹೇಳಿಕೊಡುವ ಮೊದಲ ಪಾಠವೇ ಅದು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದಿತ್ತು. "ಒಂಟಿಯಾಗಿ ಇದ್ದೂ ಇದ್ದೂ ಜೋಡಿ ಅನ್ನೋದೇ ಮರೆತುಹೋಗಿದೆ ನಂಗೆ," ಎಂದು ತನ್ನಷ್ಟಕ್ಕೆ ನಕ್ಕಳು.

ಈ ಸಲ ಎರಡೂ ಕಡೆ ಅಳಿಸಿದಳು. ಮೋಟರ್ ಸುಮ್ಮನಾಯಿತು. ಅಮ್ಮನೂ ಸುಮ್ಮನಾದಳು. ಕತ್ತರಿ ಕೆಳಗಿಟ್ಟ ಸದ್ದು, ಒಂದು ಉಸಿರು, ಅಷ್ಟೇ.

ಪಂಪಕ್ಕ ಮೊದಲಿನ ಗುಣಾಂಕಗಳನ್ನು ಮತ್ತೆ ತೆರೆದು ದಿಟ್ಟಿಸಿದಳು. ಅಮ್ಮನದೆಂದು ಬೇರೆ ಕಂಬವೇ ಇರಲಿಲ್ಲ. ಅವಳು ಮೋಟರಿನ ಸ್ವರಕ್ಕೇ ಶ್ರುತಿ ಸೇರಿಸಿ ಗುನುಗುತ್ತಿದ್ದಳು. ಮಗಳು ಪಂಪುಗಳ ಜೊತೆ ಇದ್ದಷ್ಟು ಹೊತ್ತೂ ಈ ಮನೆಯಲ್ಲಿ ಅಮ್ಮನಿಗೆ ದನಿಗೂಡಿಸಲು ಇದ್ದದ್ದು ಅದೊಂದೇ. ಒಂದೇ ಸೂರಿನಡಿ ಇದ್ದೂ ಅಮ್ಮ ಇಷ್ಟು ಒಂಟಿಯಾಗಿದ್ದಳೆಂದು ಪಂಪಕ್ಕನಿಗೆ ಗೊತ್ತೇ ಇರಲಿಲ್ಲ. ತಡೆಯಲಾರದೆ ಅತ್ತಳು.

ಮಧ್ಯಾಹ್ನ ತಮ್ಮ ಫೋನ್ ಮಾಡಿದ. "ಅಮ್ಮ ಸಿಕ್ಕಿದ್ಲಾ ಅಕ್ಕ?"

"ಸಿಕ್ಕಿದ್ಲು ಕಣೋ. ಮೋಟರ್ ಬಿಟ್ಟು ಬರಲ್ಲ ಅಂತಾಳೆ."

ಫೋನಿಟ್ಟು ಅಳಿಸಿದ ಅಂಕಿಗಳನ್ನೆಲ್ಲ ಇದ್ದ ಜಾಗಕ್ಕೇ ಮರಳಿಸಿದಳು. ಆಮೇಲೆ ಕಿಟಕಿಯ ಬಳಿ ಹೋಗಿ, ಹೊಲಿಗೆ ಯಂತ್ರದ ಧೂಳು ಒರೆಸಿ, ಬಟ್ಟೆಯಿಲ್ಲದೆಯೇ ಪೆಡಲ್ ಒತ್ತಿದಳು. ಗುಂಯ್ ಎಂದಿತು. ಪಂಪಕ್ಕ ಮೆಲ್ಲಗೆ ದನಿಗೂಡಿಸಿದಳು.