ಬೇಕರಿಯಮ್ಮನ ಕೈಗುಣ

ಬೇಕರಿಯಮ್ಮನ ಕೈಗುಣ ಎಂಥದ್ದೆಂದರೆ, ಅವಳು ನಾದಿದ ಹಿಟ್ಟು ಹತ್ತಿಯ ಹಾಗೆ ಉಬ್ಬುತ್ತಿತ್ತು. ಮಗಳು ಕಾಲೇಜಿನಲ್ಲಿ ಮಣ್ಣಿನ ಶಿಲ್ಪದ ತರಗತಿಗೆ ಸೇರಿದಳು. ಹೊರಗಿನವರೂ ಬರಬಹುದೆಂದು ತಿಳಿದು ತಾಯಿಯೂ ಹೊರಟಳು.

"ಬಾ. ಆದ್ರೆ ಎಲ್ಲರ ಮುಂದೆ ಪುಟ್ಟಿ ಅಂತ ಕರೀಬೇಡ."

"ಮೇಡಂ ಅಂತೀನಿ ಬಿಡೇ, ಸಾಕಾ?"

ಮೊದಲ ದಿನವೇ ಮೇಷ್ಟ್ರು ಹೇಳಿದ್ದರು: "ಮಣ್ಣು ಒತ್ತಿ ಒತ್ತಿ ಗಾಳಿ ಹೊರಗೆ ಹಾಕಿ. ಒಳಗೆ ಗಾಳಿ, ತೇವ ಉಳೀತೋ, ಸುಡುವಾಗ ಒಡೆದುಹೋಗುತ್ತೆ." ಬೇಕರಿಯಮ್ಮ ಒಳಗೊಳಗೇ ನಕ್ಕಳು. ನಾದೋದನ್ನ ನನಗೆ ಹೇಳಿಕೊಡ್ತಾನಂತೆ, ಮೀನಿಗೆ ಈಜು ಕಲಿಸಿದ ಹಾಗೆ!

ಅವಳು ಮಾಡಿದ್ದು ಒಂದು ತೆಳ್ಳನೆಯ ತಟ್ಟೆ. ಮಗಳ ಮನಸ್ಸಿನಲ್ಲಿದ್ದದ್ದು ಹೊರೆ ಇಳಿಸಿ ಸುಧಾರಿಸಿಕೊಳ್ಳುವ ಹಮಾಲಿ. ಮಣ್ಣು ಮಿದ್ದು ಅವಳು ನೀರು ಕುಡಿಯಲು ಎದ್ದಾಗ ತಾಯಿ ಮುಟ್ಟಿ ನೋಡಿದಳು. ಕಲ್ಲಿನ ಹಾಗೆ! ಪಾಪ, ಇವಳಿಗೆ ನಾದೋಕೇ ಬರಲ್ಲ ಅಂದುಕೊಂಡಳು. ಎಳೆದಳು, ಮಡಿಚಿದಳು, ಮತ್ತೆ ಎಳೆದು ಮಡಿಚಿದಳು, ಬ್ರೆಡ್ಡಿನ ಹಿಟ್ಟಿಗೆ ಗಾಳಿ ತುಂಬುವ ಹಾಗೆಯೇ. ಮಗಳು ಬರುವಷ್ಟರಲ್ಲಿ ಏನೂ ಅರಿಯದವಳಂತೆ ಕೂತಿದ್ದಳು.

ಹಮಾಲಿ ಎದ್ದು ನಡೆದಾನು ಎನ್ನುವಷ್ಟು ಚೆನ್ನಾಗಿ ಮೂಡಿದ. "ಇದು ಕಾಲೇಜಿನ ಪ್ರದರ್ಶನಕ್ಕೆ," ಎಂದರು ಮೇಷ್ಟ್ರು. ಮಗಳ ಕಾಲು ನೆಲದ ಮೇಲಿರಲಿಲ್ಲ.

ಸುಟ್ಟ ಮೇಲೆ ಗೂಡಿನ ಬಾಗಿಲು ತೆಗೆದರೆ, ತೆಳ್ಳಗಿದ್ದುದಕ್ಕೆ ತಟ್ಟೆ ನೆಟ್ಟಗಿತ್ತು. ಹಮಾಲಿ ಚೂರುಚೂರು.

"ಗಾಳಿ ತೆಗೀ ಅಂತ ಬಾಯಿ ಬಡ್ಕೊಂಡೆನಲ್ಲಮ್ಮಾ!" ಮೇಷ್ಟ್ರು ಮಗಳನ್ನು ಎಲ್ಲರೆದುರೇ ಬೈದರು. "ಇಷ್ಟೊಂದು ಸೋಮಾರಿತನವಾ?"

ಮಗಳು ತಲೆ ತಗ್ಗಿಸಿದಳು. ತಾಯಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಗಿರಾಕಿಗಳನ್ನು ಮಾತಲ್ಲೇ ಗೆಲ್ಲುವವಳು ಅವತ್ತು ತನ್ನ ತಟ್ಟೆ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಹೊರಬಿದ್ದಳು.

ಮರುದಿನ ಹಿಟ್ಟಿಗೆ ಕೈಯಿಟ್ಟರೆ ಗುಳ್ಳೆಗಳೆಲ್ಲ ಅವಳನ್ನೇ ನೋಡುವಂತಿದ್ದವು. ಹಿಟ್ಟು ಅಲ್ಲೇ ಬಿಟ್ಟು, ಏಪ್ರನ್ ಕೂಡ ಬಿಚ್ಚದೆ ತರಗತಿಗೆ ಓಡಿದಳು. ಎಲ್ಲರ ನಡುವೆ ನಿಂತು, "ಮೇಷ್ಟ್ರೇ, ಅವಳ ತಪ್ಪಲ್ಲ. ಅವಳಿಲ್ಲದಾಗ ನಾನೇ ನಾದಿದೆ. ಬ್ರೆಡ್ ಅಂದ್ಕೊಂಡೆ," ಎಂದಳು.

ಯಾರೋ ಕಿಸಕ್ಕೆಂದರು. ಮೇಷ್ಟ್ರು ಮಗಳ ಕಡೆ ತಿರುಗಿದರು. "ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಸಾರ್." ಮಗಳು ಚೂರುಗಳನ್ನು ಜೋಡಿಸುತ್ತಲೇ ಇದ್ದಳು. "ನೀರು ಕುಡಿದು ಬಂದಾಗ್ಲೇ ಮಣ್ಣಿನ ಮೇಲೆ ಮೈದಾ ಅಂಟಿತ್ತು. ಒಡೆಯುತ್ತೆ ಅಂತ ಮಾತ್ರ ಗೊತ್ತಿರ್ಲಿಲ್ಲ."

ಹಾಗಾದರೆ ಮಗಳು ನಿನ್ನೆ ಬೈಸಿಕೊಂಡದ್ದು ಎಲ್ಲ ತಿಳಿದೇ. ಬೇಕರಿಯಮ್ಮ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಇವತ್ತೂ ಮೈದಾ. ಎರಡೂ ಕೈಗಳನ್ನು ಏಪ್ರನ್ನಿನೊಳಗೆ ಮುಚ್ಚಿಟ್ಟುಕೊಂಡಳು.