ಆಮೆಗೆ ಅಂಟಿದ ಹಕಾರ

ಮರಿತಾಯಮ್ಮನಿಗೆ ನಲವತ್ತಾರು ವರ್ಷ. ಆದರೆ ತಿಂಗಳಲ್ಲಿ ನಾಲ್ಕು ದಿನ ಅವಳಿಗೆ ಐದೇ ವರ್ಷ. ಜಪಾನಿನಲ್ಲಿ ನಲವತ್ತು ವರ್ಷದಿಂದ ಮುಗಿಯದೆ ನಡೆದುಬಂದಿರುವ ಮಕ್ಕಳ ಕಾರ್ಟೂನೊಂದಿದೆ. ಅದರಲ್ಲಿ ಆಮೆ ಸಾಕಿಕೊಂಡಿರುವ, ಐದು ವರ್ಷದ ಒಬ್ಬ ಪುಟ್ಟ ಹುಡುಗಿ. ಹತ್ತಾರು ದೇಶಗಳ ಟೀವಿಯಲ್ಲಿ ಅವಳು ಬರುತ್ತಾಳೆ. ಥಾಯ್ಲೆಂಡಿನಲ್ಲಿ ಅವಳಿಗೊಂದು ಗಂಟಲು, ಸ್ಪೇನಿನಲ್ಲಿ ಇನ್ನೊಂದು. ಕನ್ನಡದಲ್ಲಿ, ಪೂರಿಗಾಲಿಯಲ್ಲಿ ಹುಟ್ಟಿ ಮದ್ದೂರಿಗೆ ಸೊಸೆಯಾಗಿ ಬಂದ ಮರಿತಾಯಮ್ಮನ ಗಂಟಲು, ಹದಿನಾಲ್ಕು ವರ್ಷದಿಂದ. ಸಂತೆಯಲ್ಲಿ ಬದನೆಕಾಯಿಗೆ ಜಗಳವಾಡುವಾಗ ಅವಳ ಒರಟು ದನಿ ಕೇಳಿದವರು ಯಾರೂ ಇದನ್ನು ನಂಬುವುದಿಲ್ಲ.

ಬೀದಿನಾಟಕದಲ್ಲಿ ಮಗುವಿನ ಪಾತ್ರ ಮಾಡುತ್ತಿದ್ದವಳನ್ನು ಬೆಂಗಳೂರಿನ ಸ್ಟುಡಿಯೋದವರು ಆ ಕಾರ್ಟೂನ್ ಹುಡುಗಿಗೆ ದನಿ ಕೊಡಲು ಕರೆದಿದ್ದರು. ಮೊದಲ ದಿನವೇ ಎಡವಟ್ಟು. ಮನೆಯಿಂದ ಹೊರಡುವಾಗ ಆ ಹುಡುಗಿ ಅಮ್ಮನಿಗೆ ಒಂದು ಮಾತು ಹೇಳುತ್ತಾಳೆ. ಜಪಾನಿನವರೂ ನಮ್ಮ ಹಾಗೆಯೇ ಬರೀ ಹೋಗುತ್ತೇನೆ ಅನ್ನುವುದಿಲ್ಲವಂತೆ, ಹೋಗಿ ಬರುತ್ತೇನೆ ಅನ್ನುತ್ತಾರಂತೆ. ಹಾಳೆಯಲ್ಲಿ ‘ಹೋಗಿ ಬರುತ್ತೇನೆ ಅಮ್ಮಾ’ ಎಂದಿತ್ತು. ತೆರೆಯ ಮೇಲಿನ ಹುಡುಗಿ ಬಾಯಿ ಮುಚ್ಚಿದರೂ ಇವಳ ಮಾತು ಮುಗಿಯುತ್ತಿರಲಿಲ್ಲ. ಎಂಟು ಸಲ ಹೇಳಿ ಸಾಕಾಗಿ, ರೇಗಿ, “ಓಗ್ಬತ್ತೀನವ್ವಾ!” ಎಂದುಬಿಟ್ಟಳು. ಬಾಯಿಗೆ ಮಾತು ಸರಿಯಾಗಿ ಕೂತಿತು. ಅದೇ ಉಳಿಯಿತು.

ಈ ವರ್ಷ ಹೊಸ ನಿರ್ದೇಶಕ ಬಂದ. ಕನ್ನಡದ ಕಂತುಗಳು ಇನ್ನು ಹೊರದೇಶದ ಕನ್ನಡಿಗರ ಮನೆಗೂ ಹೋಗುತ್ತವೆ, ಹಕಾರ ಸ್ಪಷ್ಟವಾಗಿರಬೇಕು, ಧ್ವನಿಪರೀಕ್ಷೆ ಮತ್ತೆ ನಡೆಯುತ್ತದೆ ಎಂದ. ತನ್ನ ಹುಡುಗಿ ಬೇರೆಯವರ ಗಂಟಲಲ್ಲಿ ಮಾತಾಡುವುದೇ! ಮರಿತಾಯಮ್ಮ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಉಸಿರು ತಾಗುತ್ತದೋ ಇಲ್ಲವೋ ಎಂದು ವಾರವೆಲ್ಲ ಹ, ಹಾ, ಹಿ ಎನ್ನುತ್ತಾ ಮನೆ ತುಂಬ ಓಡಾಡಿದಳು.

ಗೆಜ್ಜಲಗೆರೆಯ ಫ್ಯಾಕ್ಟರಿಯಿಂದ ಬಂದ ಗಂಡ ಕನಕರಾಜು ಬಾಗಿಲಲ್ಲೇ ನಿಂತು ನೋಡಿದ. “ಯಾಕಮ್ಮಿ ಇಂಗೆ ಊದ್ತಾ ಇದೀಯಾ? ಒಲೆ ಅತ್ಕೊತಾ ಇಲ್ವಾ?”

“ಸುಮ್ಕಿರು ನೀನು. ನಂಗೆ ಹಕಾರ ಬರ್ಬೇಕು.”

ಪರೀಕ್ಷೆಯ ದಿನ ಮೊದಲ ಸರದಿ ಅವಳದೇ. ಹಾಳೆಯಲ್ಲಿದ್ದದ್ದು ‘ಅಪ್ಪಾ, ಆಮೆಗೆ ಹಸಿವಾಗಿದೆ’. ಮರಿತಾಯಮ್ಮ ಅಂಗೈ ಹಿಡಿದು, ಉಸಿರೆಳೆದು ಹೇಳಿದಳು: “ಹಪ್ಪಾ, ಹಾಮೆಗೆ ಹಸಿವಾಗಿದೆ!”

ಗಾಜಿನಾಚೆ ಎಲ್ಲರೂ ನಕ್ಕರು. ಎರಡನೇ ಸಲ ಹಕಾರ ಆಮೆಯನ್ನು ಬಿಡಲಿಲ್ಲ, ಹಸಿವನ್ನು ಬಿಟ್ಟಿತು: “ಅಪ್ಪಾ, ಹಾಮೆಗೆ ಅಸಿವಾಗಿದೆ.” ಮೂರನೇ ಸಲ ಗಂಟಲೇ ಒಡೆಯಿತು. ಅವಮಾನದಿಂದ ಕಿವಿ ಬಿಸಿಯಾಗಿ ಹೊರಗೆ ಬಂದು ಬೆಂಚಿನ ಮೇಲೆ ಕೂತಳು.

ಮುಂದಿನ ಸರದಿ ಅಕ್ಸಾಳದು. ಮಂಡ್ಯದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ನಯಾಜ್ ಪಾಷಾನ ಮಗಳು, ಇಪ್ಪತ್ತು ವರ್ಷ. ಅವಳ ಹಾಳೆಯಲ್ಲಿದ್ದದ್ದು ‘ಹೋಗಿ ಬರುತ್ತೇನೆ ಅಮ್ಮಾ’. ಗೋಡೆಯ ಸ್ಪೀಕರಿನಲ್ಲಿ ಅವಳ ದನಿ ಬಂತು: “ಓಗ್ಬತ್ತೀನವ್ವಾ!” ಮರಿತಾಯಮ್ಮ ಬೆಚ್ಚಿಬಿದ್ದಳು. ಅದು ಹದಿನಾಲ್ಕು ವರ್ಷದ ಹಿಂದಿನ ತನ್ನದೇ ದನಿ.

“ಹಕಾರ ಸೇರಿಸಿ ಹೇಳಮ್ಮ,” ಎಂದ ನಿರ್ದೇಶಕ.

“ಹೇಳ್ತೀನಿ ಸರ್, ನಂಗೆ ಹಕಾರ ಬರುತ್ತೆ. ಆದ್ರೆ ಆ ಹುಡುಗಿ ಹಾಗನ್ನಲ್ಲ.”

ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಅಕ್ಸಾ ಇರಲಿ, ಮಾತು ಹಳೆಯದೇ ಇರಲಿ. “ಗಂಟಲು ಸ್ವಲ್ಪ ದಪ್ಪ ಆಗಿದೆಯಮ್ಮ,” ಎಂದು ನಿರ್ದೇಶಕ ಮರಿತಾಯಮ್ಮನಿಗೆ ಕೈಮುಗಿದ. ಹಕಾರ ಬೇಡವಂತೆ! ಒಂದು ವಾರದಿಂದ ಅವಳ ಪ್ರಾಣ ಹಿಂಡಿದ ಮಹಾನುಭಾವ ಅದನ್ನು ಮೊದಲೇ ಹೇಳಬಾರದಿತ್ತೇ?

ಸಂಜೆಯ ರೈಲಿನಲ್ಲಿ ಅಕ್ಸಾ ಎದುರಿಗೇ ಬಂದು ಕೂತಳು. ಮರಿತಾಯಮ್ಮ ಪರೀಕ್ಷೆಗೆ ಬಂದಿದ್ದ ಯಾರೋ ಹೆಂಗಸು ಎಂದಷ್ಟೇ ಅವಳಿಗೆ ಗೊತ್ತು.

“ನಮ್ಮನೇಲಿ ಉರ್ದು, ಆಂಟಿ. ನಾನು ಕನ್ನಡ ಕಲ್ತಿದ್ದೇ ಆ ಟೀವಿ ಹುಡುಗಿ ಹತ್ರ. ಹಕಾರ ಎಲ್ಲಿ ನುಂಗಿದ್ಯೇ ಅಂತ ಸ್ಕೂಲಲ್ಲಿ ಟೀಚರ್ ಬೈತಿದ್ರು. ಮೊದ್ಲಿಂದ ಆ ದನಿ ಕೊಟ್ಟೋರು ಯಾರೋ, ಒಂದ್ಸಲ ನೋಡ್ಬೇಕು.”

ಮರಿತಾಯಮ್ಮ ಎದ್ದು ಬಾಗಿಲಿಗೆ ಹೋದಳು, ಬಂದು ಕೂತಳು, ಮತ್ತೆ ಎದ್ದಳು. ಇವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೆ ಸಿಟ್ಟು ಬರಲೊಲ್ಲದು. ತಬ್ಬಿಕೊಳ್ಳೋಣವೆಂದರೆ ಕೈ ಏಳಲೊಲ್ಲದು. ಹೇಳಲೋ ಬೇಡವೋ ಎನ್ನುವಷ್ಟರಲ್ಲಿ ಚನ್ನಪಟ್ಟಣ ದಾಟಿ, ಮದ್ದೂರು ಬಂದೇಬಿಟ್ಟಿತು.

ಇಳಿದು ಕಿಟಕಿಯ ಹತ್ತಿರ ನಿಂತಳು. ರೈಲು ಅಲುಗಾಡಿತು. ಆಗ, ಬೆಳಿಗ್ಗೆ ಕೈಕೊಟ್ಟಿದ್ದ ಆ ಐದು ವರ್ಷದ ಗಂಟಲು ತಾನಾಗಿಯೇ ಬಂತು.

“ಓಯ್ತೀನವ್ವಾ.”

ಅಕ್ಸಾಳ ಮುಖದ ನಗು ನಿಂತಿತು. ಅವಳು ಧಡಕ್ಕನೆ ಎದ್ದು ಕಿಟಕಿಯ ಕಂಬಿ ಹಿಡಿದಳು. ರೈಲು ಮುಂದೆ ಸಾಗುತ್ತಿತ್ತು.

“ಬತ್ತೀನಿ ಅನ್ನವ್ವಾ! ಬರೀ ಓಯ್ತೀನಿ ಅನ್ಬ್ಯಾಡ! ಬತ್ತೀನಿ ಅನ್ನು!”

ಪ್ಲಾಟ್‌ಫಾರಂನಲ್ಲಿದ್ದವರು, ಯಾವ ಮಗು ಹೀಗೆ ಕೂಗುತ್ತಿದೆ ಎಂದು ತಿರುಗಿ ನೋಡಿದರು.