ಡಕ್ಟಿಲ್ಲದ ಮನೆಯ ಡಕ್ಟ್ ಟೇಪು

ನಮ್ಮ ಮನೆಯಲ್ಲಿ ಡಕ್ಟ್ ಎನ್ನುವ ವಸ್ತು ಒಂದೂ ಇಲ್ಲ. ಡಕ್ಟ್ ಟೇಪು ಮಾತ್ರ ಎಲ್ಲ ಕಡೆ ಇದೆ. ಈ ವಿಚಿತ್ರ ನನಗೆ ಹೊಳೆದದ್ದು ಒಂದು ಮಧ್ಯಾಹ್ನ, ಟಿವಿ ರಿಮೋಟಿನ ಬೆನ್ನಿಗೆ ಅದನ್ನು ಅಂಟಿಸುತ್ತಿರುವಾಗ. ಕಾನ್ವೆಂಟಿನಲ್ಲಿ ಓದುವಾಗ ಬಯಾಲಜಿಯ ಸಿಸ್ಟರ್ ಬೋರ್ಡಿನ ಮೇಲೆ ದೊಡ್ಡದೊಂದು ಕಣ್ಣು ಬರೆದು, ಮೂಲೆಯಲ್ಲಿ ಬಾಣದ ಗುರುತು ಹಾಕಿ, ಇದು ಟಿಯರ್ ಡಕ್ಟ್ ಎಂದು ಹೇಳಿದ್ದರು. ನನಗೆ ಪರಿಚಯವಿರುವ ಡಕ್ಟ್ ಅದೊಂದೇ. ಅದಕ್ಕೆ ಟೇಪು ಹಚ್ಚುವ ಪ್ರಸಂಗ ಇನ್ನೂ ಬಂದಿಲ್ಲ.

ಹಾಗಾದರೆ ಈ ಡಕ್ಟ್ ಯಾವುದು? ನೀರಾವರಿ ಇಲಾಖೆಯಲ್ಲಿ ಕಾಲುವೆಗಳನ್ನು ನೋಡಿಕೊಂಡು ರಿಟೈರ್ ಆದ ನಮ್ಮ ಯಜಮಾನರನ್ನು ಕೇಳಿದೆ. ಗಾಳಿ ಹೋಗೋ ಕೊಳವಿಗೂ ಡಕ್ಟ್ ಅಂತಾರ, ನೀರು ಹೋಗೋದಕ್ಕೂ ಡಕ್ಟ್ ಅಂತಾರ, ಅಂದರು. ಹಾಗಾದರೆ ನಿಮ್ಮ ಕಾಲುವೆಗಳಿಗೆ ಇದನ್ನೇ ಹಚ್ಚಬಹುದಿತ್ತಲ್ಲ ಎಂದೆ. ಅವರು ಪೇಪರಿನಿಂದ ಮುಖ ಹೊರಗೆ ತೆಗೆದು ನನ್ನನ್ನು ನೋಡಿದರು. "ಸೋರೋದು ನೋಡಿ ನೋಡಿ ರಿಟೈರ್ ಆಗೀನಿ. ಮನ್ಯಾಗಾದ್ರೂ ಬಿಡು ಮಾರಾಯ್ತಿ," ಎಂದು ಮತ್ತೆ ಪೇಪರಿನೊಳಗೆ ಹೋದರು. ನನ್ನ ಕನ್‌ಫ್ಯೂಷನ್ ಇದ್ದಲ್ಲೇ ಉಳಿಯಿತು.

ಅದು ನಮ್ಮ ಮನೆಗೆ ಬಂದದ್ದು ಕೂಲರಿನ ದೆಸೆಯಿಂದ. ರಾಯಚೂರಿನಲ್ಲಿ ಬೇಸಿಗೆ ಕಳೆದವರಿಗೆ ಕೂಲರ್ ಎಂದರೆ ಏನು ಎಂದು ಹೇಳಬೇಕಾಗಿಲ್ಲ; ಅದು ಮನೆಯ ಹಿರಿಯ ಸದಸ್ಯ. ಅದರ ಗೊರಕೆ ನಿಂತರೆ ಎಲ್ಲರಿಗೂ ಎಚ್ಚರವಾಗುತ್ತದೆ. ಪಂಪಿನಿಂದ ಮೇಲಕ್ಕೆ ಹೋಗುವ ಪೈಪು ಸೀಳಿ, ಹಾಲ್ ತುಂಬ ನೀರಾಗಿ, ನಾನು ಸೆರಗು ಸಿಕ್ಕಿಸಿ ಬಟ್ಟೆ ಹಿಂಡುತ್ತಿದ್ದಾಗ ಮೆಕ್ಯಾನಿಕ್ ಬಂದ. ಬೆಳ್ಳಿ ಬಣ್ಣದ ಅಗಲವಾದ ಸುರುಳಿಯೊಂದನ್ನು ತೆಗೆದು, ಹಲ್ಲಿನಿಂದ ಕಚ್ಚಿ ಹರಿದು, ಸುತ್ತಿ ಒತ್ತಿದ. ನೀರು ನಿಂತಿತು. ನಾನು ಬೆರಗಾಗಿ ನಿಂತೆ. ಉಳಿದ ಸುರುಳಿಯನ್ನು ಅಲ್ಲೇ ಇಟ್ಟು ಹೋಗುತ್ತ, "ಇರ್ಲಿ ಅಮ್ಮಾ, ಇದು ಹಚ್ಚಿದ್ರ ಖಬರಸ್ತಾನದ ಮಟ ಬರ್ತದ," ಎಂದ. ನನ್ನ ವಯಸ್ಸಿನವರ ಎದುರಿಗೆ ಆಡುವ ಮಾತಲ್ಲ. ಆದರೂ ಅದು ಗ್ಯಾರಂಟಿಯ ಮಾತಾಗಿದ್ದರಿಂದ ಸುಮ್ಮನಾದೆ.

ಆಮೇಲೆ ನನಗೆ ಕೈ ಕಟ್ಟಿ ಕೂರಲು ಆಗಲಿಲ್ಲ. ಸೀಳಿದ ಬಕೆಟ್ಟಿಗೆ ಹಚ್ಚಿದೆ. ಕೊಡೆಗೆ ಹಚ್ಚಿದೆ, ಸೊಳ್ಳೆಪರದೆಯ ತೂತಿಗೆ ಹಚ್ಚಿದೆ. ಉಪ್ಪಿನಕಾಯಿ ಭರಣಿಯ ಮುಚ್ಚಳ, ಸೂಟ್‌ಕೇಸಿನ ಹಿಡಿಕೆ, ಯಜಮಾನರ ವಾಕಿಂಗ್ ಸ್ಟಿಕ್ಕು, ಅವರಿಗೆ ಗೊತ್ತಿಲ್ಲದಂತೆ ಅವರ ಚಪ್ಪಲಿ. ನನ್ನ ಕನ್ನಡಕದ ಕಡ್ಡಿಗೆ ಹಚ್ಚಿಕೊಂಡು ಬ್ಯಾಂಕಿಗೆ ಹೋದಾಗ ಕೌಂಟರಿನ ಹುಡುಗಿ ಎದ್ದು ನಿಂತು ಕುರ್ಚಿ ಕೊಟ್ಟಳು; ಗೌರವವೋ ಕನಿಕರವೋ ತಿಳಿಯಲಿಲ್ಲ. ಮಾನ್ವಿಯಿಂದ ಬಂದ ನಾದಿನಿ ಗಿರಿಜಾ ಬಾಗಿಲಲ್ಲೇ ನಿಂತು, "ವೈನಿ, ಇದೇನ್ರಿ, ಮನಿ ಅನ್ನೋದು ರಾಕೆಟ್ ಆಗ್ಯದಲ್ಲ. ಯಾವಾಗ ಹಾರಸ್ತೀರಿ?" ಎಂದು ಕೇಳಿದಳು.

ನಗಲಿ. ಆದರೆ ನನ್ನೊಳಗೆ ಒಂದು ಅನುಮಾನ ಸುತ್ತುತ್ತಲೇ ಇತ್ತು. ಒಂದು ಕಾಲದಲ್ಲಿ ಪ್ರತಿಯೊಂದು ಬಿರುಕಿಗೂ ಅದರದ್ದೇ ಔಷಧವಿತ್ತು. ತಾಮ್ರದ ಕೊಡಕ್ಕೆ ಬೆಸುಗೆ, ಹಿತ್ತಾಳೆಯ ಪಾತ್ರೆಗೆ ಕಲಾಯಿ, ಬುಟ್ಟಿಗೆ ಸಗಣಿ, ಹರಿದ ಸೀರೆಗಳಿಗೆ ಕೌದಿಯ ಹೊಲಿಗೆ, ಪುಸ್ತಕಕ್ಕೆ ಜಾಲಿಯ ಅಂಟು. ಚಾಕುವಿನ ಹಿಡಿಕೆ ಸಡಿಲವಾದರೆ ಅರಗು ಕರಗಿಸಿ ಹೊಯ್ಯುತ್ತಿದ್ದರು. ಕಾನ್ವೆಂಟಿನ ಬೋರ್ಡಿಂಗಿನಲ್ಲಿ ನಮಗೆ ಕಾಲುಚೀಲಕ್ಕೆ ಡಾರ್ನಿಂಗ್ ಹೇಳಿಕೊಡುತ್ತಿದ್ದರು. ನೇಯ್ಗೆಯ ಎಳೆಯೊಳಗೆ ಎಳೆ ಸೇರಿಸಿ ತೂತು ಇತ್ತು ಎಂಬುದೇ ಮರೆಯಬೇಕು. ಈಗ ಎಲ್ಲ ರೋಗಕ್ಕೂ ಒಂದೇ ಪಟ್ಟಿ. ಇದು ರಿಪೇರಿಯೋ ಅಥವಾ ರಿಪೇರಿಯ ಪೋಸ್ಟ್‌ಪೋನ್‌ಮೆಂಟೋ? ಮಡಚಿದ ಆ ಕೊಡೆಯನ್ನು ನೋಡುತ್ತ ಎಷ್ಟೋ ಹೊತ್ತು ಯೋಚಿಸಿದ್ದೇನೆ. ಉತ್ತರ ಸಿಕ್ಕಿಲ್ಲ, ಕೊಡೆ ಸೋರಿಲ್ಲ.

ಈಗ ನಮ್ಮ ಅತ್ತೆಯ ವಿಷಯಕ್ಕೆ ಬರುತ್ತೇನೆ. ಬರದೆ ಗತಿಯಿಲ್ಲ.

ಅತ್ತೆಗೆ ತೊಂಬತ್ತು ದಾಟಿದೆ. ದೇವದುರ್ಗದ ಮಗಳು, ಹಳೆಯ ಲಿಂಗವಂತ ಮನೆತನ. ಕೊರಳಲ್ಲಿ ಶಿವದಾರ, ಅದರ ತುದಿಗೆ ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಇಷ್ಟಲಿಂಗ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕರಡಿಗೆ ತೆರೆದು, ಲಿಂಗವನ್ನು ಎಡಗೈಯ ಮೇಲಿಟ್ಟುಕೊಂಡು ಪೂಜೆ ಮಾಡುತ್ತಾರೆ. ಅದಾಗುವ ತನಕ ಬಾಯಿಗೆ ಒಂದು ಹನಿ ನೀರು ಹಾಕುವುದಿಲ್ಲ. ಡಾಕ್ಟರು ಕೊಟ್ಟ ಬಿಪಿ ಮಾತ್ರೆಯೂ ಪೂಜೆಯ ನಂತರವೇ. ಕರಡಿಗೆ ಮೈಮೇಲಿಂದ ಇಳಿಯುವಂತಿಲ್ಲ, ಲಿಂಗ ನೆಲಕ್ಕೆ ಬೀಳುವಂತಿಲ್ಲ. ನಾನೂ ಲಿಂಗ ಕಟ್ಟಿಕೊಳ್ಳುವವಳೇ, ಹಬ್ಬಕ್ಕೆ. ಪಾರ್ಟ್ ಟೈಮ್ ಎನ್ನಬಹುದು.

ಕಳೆದ ಬೇಸಿಗೆಯಲ್ಲಿ ಗಿರಿಜಾಳ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ ಮಾನ್ವಿಯಲ್ಲಿತ್ತು. ಹೊರಡುವ ಹಿಂದಿನ ಸಂಜೆ ಅತ್ತೆ ನನ್ನನ್ನು ಕರೆದರು. "ವಿಮಲಾ, ಇದು ಬಾಯಿ ಬಿಡಾಕತ್ಯದ ನೋಡು ಯವ್ವಾ." ಕರಡಿಗೆಯ ಕೊಂಡಿ ಸವೆದು ಸವೆದು ಮುರಿದೇ ಹೋಗಿತ್ತು. ಅವತ್ತು ಅಮಾವಾಸ್ಯೆ, ಪತ್ತಾರರು ಅಮಾವಾಸ್ಯೆಯ ದಿನ ಬೆಳ್ಳಿ ಬಂಗಾರದ ಕೆಲಸಕ್ಕೆ ಕೂರುವುದಿಲ್ಲ. ರಾತ್ರಿಗೆ ದಾರ ಸುತ್ತಿಟ್ಟೆವು. ಮರುದಿನ ಅಂಗಡಿಗಳು ಬಾಗಿಲು ತೆಗೆಯುವ ಮೊದಲೇ ಕಾರು ಬಂದು ಹಾರ್ನ್ ಹೊಡೆಯಿತು. ಅತ್ತೆ ಪೂಜೆ ಮುಗಿಸಿ ಕರಡಿಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಕೂತಿದ್ದರು. "ದಾರ ಜಾರ್ತದ. ದಾರ್ಯಾಗ ಲಿಂಗ ಬಿತ್ತಂದ್ರ ನಾ ಉಳಿಯಾಂಗಿಲ್ಲ."

ನನಗೆ ಆಗ ಏನು ತೋಚಬೇಕು? ತೋಚಿತು. ಕರಡಿಗೆ ಬೆಳ್ಳಿ, ಟೇಪೂ ಬೆಳ್ಳಿ ಬಣ್ಣ. ಎಷ್ಟು ಚೆನ್ನಾಗಿ ಮ್ಯಾಚ್ ಆಗುತ್ತದೆ! ಸುತ್ತಲೂ ಬಿಗಿಯಾಗಿ ಸುತ್ತಿ, ಹೆಬ್ಬೆರಳಿನಿಂದ ನುಣ್ಣಗೆ ತೀಡಿದೆ. ಅತ್ತೆ ಅಲ್ಲಾಡಿಸಿ ನೋಡಿ, "ಛಲೋ ಆತು," ಎಂದರು. ಅವರ ಬಾಯಿಂದ ಈ ಮಾತು ಬರುವುದು ಅಪರೂಪ. ಸುರುಳಿಯನ್ನು ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಮೆಡಲ್ ಸಿಕ್ಕವಳ ಹಾಗೆ ಕಾರು ಹತ್ತಿದೆ.

ಕಾರಿನ ಎಸಿ ಕೆಟ್ಟಿತ್ತು. ಎರಡೂ ಕಡೆ ಕೊಯ್ದ ಭತ್ತದ ಗದ್ದೆಗಳು, ಮೇಲೆ ಬಿಸಿಲು. ಕಿಟಕಿಯಿಂದ ಒಲೆಯ ಬಾಯಿಯ ಗಾಳಿ. ಕರಡಿಗೆ ಅತ್ತೆಯ ಎದೆಯ ಮೇಲೆ ಕುಳಿತು ಇಡೀ ದಾರಿ ಬೆಂದಿತು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಮರುದಿನ ಬೆಳಿಗ್ಗೆ. ಗಿರಿಜಾಳ ಮನೆಯಲ್ಲಿ ಅತ್ತೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಪತ್ರಿ ಹೂವು ಮುಂದಿಟ್ಟುಕೊಂಡು, "ಇದು ತಗಿ ಬಾ ಯವ್ವಾ," ಎಂದರು. ಉಗುರು ಹಾಕಿದೆ. ಟೇಪಿನ ತುದಿ ಎಲ್ಲಿ? ಬೆರಳಾಡಿಸಿದೆ. ಎಲ್ಲ ಕಡೆ ಒಂದೇ ಸಮ. ನಾನು ಅಷ್ಟು ನುಣ್ಣಗೆ ತೀಡಿದ್ದೆ, ಬಿಸಿಲು ಅದನ್ನು ಇನ್ನಷ್ಟು ನುಣ್ಣಗೆ ಕರಗಿಸಿತ್ತು. ಬೆಳ್ಳಿ ಎಲ್ಲಿ ಮುಗಿಯುತ್ತದೆ, ಟೇಪು ಎಲ್ಲಿ ಶುರುವಾಗುತ್ತದೆ, ಕಣ್ಣಿಗೂ ತಿಳಿಯಲಿಲ್ಲ, ಉಗುರಿಗೂ ತಿಳಿಯಲಿಲ್ಲ.

"ಬರವಲ್ದೇನು?"

"ಬರ್ತದರೀ ಅತ್ತಿ," ಎಂದೆ. ಬರಲಿಲ್ಲ.

ತೊಟ್ಟಿಲ ಮನೆ ಎಂದ ಮೇಲೆ ಸಲಹೆಗಳಿಗೆ ಬರವೇ? ಗಿರಿಜಾ ಸ್ಯಾನಿಟೈಜರ್ ತಂದಳು. ಅತ್ತೆ ಮೂಸಿ ನೋಡಿ ಮುಖ ತಿರುಗಿಸಿದರು. "ಸೆರಿ ವಾಸನಿ ಹೊಡಿತದ. ಲಿಂಗಪ್ಪಗ ಸೆರಿ ಕುಡಸ್ತೀಯೇನಬೇ?" ಬಾಣಂತಿ ಒಳಗಿನಿಂದಲೇ ಹೇರ್ ಡ್ರೈಯರ್ ಎಂದಳು; ಬಿಸಿಗೇ ಕೆಟ್ಟದ್ದಕ್ಕೆ ಮತ್ತೆ ಬಿಸಿಯೇ? ಯಾರೋ ಬ್ಲೇಡು ಎಂದರು. ಅತ್ತೆ ಕರಡಿಗೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಗಿರಿಜಾಳ ಯಜಮಾನರು ಪತ್ತಾರನನ್ನೇ ಮನೆಗೆ ಕರೆತರುತ್ತೇನೆ ಎಂದು ಚಪ್ಪಲಿ ಮೆಟ್ಟಿದರು. "ಹೌದಪಾ, ಪರಗಂಡಸು ಬಂದು ನನ್ನ ಎದಿ ಮುಂದ ಇಕ್ಕಳ ಹಿಡಕೊಂಡು ಕೂಡ್ತಾನೇನು? ಈ ವಯಸಿನ್ಯಾಗ ನೋಡೋದು ಇದೊಂದು ಬಾಕಿ ಇತ್ತು," ಎಂದರು ಅತ್ತೆ. ಚಪ್ಪಲಿ ಮತ್ತೆ ಕಳಚಿತು.

ಅಷ್ಟರಲ್ಲಿ ಬಿಸಿಲು ಅಂಗಳ ದಾಟಿ ಪಡಸಾಲೆಗೆ ಬಂದಿತ್ತು. ನಗುವವರೆಲ್ಲ ನಗುವುದನ್ನು ನಿಲ್ಲಿಸಿದರು. ಅತ್ತೆಯ ತುಟಿ ಒಣಗಿ ಬಿಳಿಯಾಗಿತ್ತು. ಮಾತಾಡುವಾಗ ನಾಲಿಗೆ ಅಂಗುಳಕ್ಕೆ ಹತ್ತಿಕೊಳ್ಳುತ್ತಿತ್ತು. ಮಾತ್ರೆಯ ಹೊತ್ತೂ ಮೀರಿತ್ತು. ನಮ್ಮ ಯಜಮಾನರು ಹೊರಗೆ ಹೋಗಿ ಮಠದ ಅಯ್ಯನವರಿಗೆ ಫೋನ್ ಮಾಡಿ ಬಂದರು. "ಅವ್ವಾ, ಅಯ್ಯಾರು ಹೇಳ್ಯಾರ. ವಯಸ್ಸಾದವ್ರು, ನೀರು ಕುಡೀಲಿ, ದೋಷ ಇಲ್ಲ ಅಂದ್ರು."

"ಅಯ್ಯಾರು ದೊಡ್ಡ ಮನಸಿನವ್ರು," ಎಂದರು ಅತ್ತೆ ಮೆಲ್ಲಗೆ. "ಅವ್ರು ಬ್ಯಾಡ ಅನ್ನಾಂಗಿಲ್ಲ. ಆದ್ರ ನಂಗ ನುಂಗಾಕ ಬರಬೇಕಲ್ಲಪಾ."

ಯಜಮಾನರು ಬಾಗಿಲ ಚೌಕಟ್ಟು ಹಿಡಿದು ನಿಂತು ನನ್ನ ಕಡೆ ನೋಡಿದರು. ಇಷ್ಟು ವರ್ಷಗಳ ಸಂಸಾರದಲ್ಲಿ ಆ ನೋಟ ನಾನು ಕಂಡಿರಲಿಲ್ಲ. ಅದರಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಡುಗೆಮನೆಗೆ ಹೋದೆ. ಅಲ್ಲಿ ಬಂದವರಿಗಾಗಿ ಮಂಡಾಳ ಒಗ್ಗರಣೆ, ಮಿರ್ಚಿ ನಡೆದಿತ್ತು. ಶೇಂಗಾ ಎಣ್ಣೆಯ ಡಬ್ಬಿಯಿಂದ ಒಂದು ಬಟ್ಟಲು ಬಗ್ಗಿಸಿಕೊಂಡು ಬಂದೆ. ತಟ್ಟೆಗೆ ಅಂಟಿದ ಹೂರಣದ ಹೋಳಿಗೆಯನ್ನು ಎಣ್ಣೆಯಿಂದ ಬಿಡಿಸುತ್ತೇವಲ್ಲ, ಅಷ್ಟೇ ನನ್ನ ಸೈನ್ಸು. ಅತ್ತೆ ಬಟ್ಟಲು ನೋಡಿದರು. "ಎಣ್ಣಿ ಆದ್ರ ಆಗ್ಲಿ. ದೀಪಕ್ಕ ಹಾಕ್ತೀವಲ್ಲ," ಎಂದು ಮುಷ್ಟಿ ಬಿಚ್ಚಿದರು.

ಅವರ ಮೊಣಕಾಲಿಗೆ ನನ್ನ ಮೊಣಕಾಲು ತಾಗುವಂತೆ ಕೂತೆ. ಹತ್ತಿಯಿಂದ ಎಣ್ಣೆ ಹಚ್ಚುವುದು, ಹೆಬ್ಬೆರಳಿನಿಂದ ತಿಕ್ಕುವುದು, ಮತ್ತೆ ಹಚ್ಚುವುದು. ಕರಡಿಗೆ ಹಿಡಿದ ನನ್ನ ಎಡಗೈಗೆ ಅವರ ಎದೆಯ ಬಡಿತ ಸಿಗುತ್ತಿತ್ತು. ಒಂದು ಸಲ ಜೋರು, ಒಂದು ಸಲ ಎಲ್ಲೋ ದೂರ. ಅದು ದೂರ ಹೋದಾಗಲೆಲ್ಲ ನನ್ನ ಕೈ ನಿಲ್ಲುತ್ತಿತ್ತು. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವರ ಕಾಲು ಮುಟ್ಟಿದ್ದೇನೆ. ಇಷ್ಟು ಹತ್ತಿರ ಕೂತವಳಲ್ಲ.

"ಕೈ ಯಾಕ ನಿಂದ್ರಸ್ತಿ?" ಎಂದರು. ನಾನು ಹತ್ತಿಯನ್ನು ಮತ್ತೆ ಎಣ್ಣೆಗೆ ಅದ್ದಿದೆ. ಅವರೇ ಮಾತು ತೆಗೆದರು, ನನ್ನ ಕಿವಿಗಷ್ಟೇ ಬೀಳುವಂತೆ. "ನಾ ಹೊಸದಾಗಿ ಗಂಡನ ಮನಿಗೆ ನಡಿಯಾಕ ಬಂದಾಗ ಒಂದಿನ ತಡೀಲಾರ್ದ ಪೂಜಿಗೆ ಮೊದಲ ನೀರು ಕುಡದಿದ್ದೆ. ಕೊಡದ ಹಿಂದ ಕುಂತು. ನಮ್ಮತ್ತಿ ನೋಡಿದ್ಲು."

"ಬೈದ್ರೇನ್ರಿ?"

"ಇಲ್ಲ. ನನ್ನ ಪೂಜಿ ಲಗೂ ಆಗ್ಲಿ ಅಂತ ಮರುದಿನದಿಂದ ತನ್ನಕಿಂತ ಮೊದಲ ನನಗ ಜಳಕಕ್ಕ ನೀರು ಕಾಸಿಟ್ಲು." ಒಣಗಿದ ತುಟಿ ಸವರಿಕೊಂಡು, "ಅದರ ಮ್ಯಾಲ ನನಗ ಎಂದೂ ಕುಡಿಯಾಕ ಮನಸ ಬರ್ಲಿಲ್ಲ," ಎಂದರು.

ಇದನ್ನು ನನಗೆ ಯಾಕೆ ಹೇಳಿದರು? ಸಮಾಧಾನಕ್ಕೋ, ಪಾಠಕ್ಕೋ, ಅಥವಾ ಬಾಯಾರಿದ ಬಾಯಿಗೆ ನೀರಿನ ಮಾತೇ ಬಂದಿತೋ? ಯೋಚಿಸುತ್ತಿರುವಾಗಲೇ ಹೆಬ್ಬೆರಳ ಕೆಳಗೆ ಏನೋ ಸುರುಟಿಕೊಂಡಿತು. ಕೂದಲೆಳೆಯಷ್ಟು ಅಂಚು. ಉಸಿರು ಬಿಗಿಹಿಡಿದು ಎಳೆದೆ, ಹರಿಯಿತು. ಮತ್ತೆ ಎಣ್ಣೆ, ಮತ್ತೆ ಎಳೆದೆ. ಈ ಸಲ ಅದು ಬೇಸರದಿಂದ ಏಳುವ ನೆಂಟರ ಹಾಗೆ ನಿಧಾನವಾಗಿ ಎದ್ದು ಬಂತು. ಕರಡಿಗೆ ಬಾಯಿ ಬಿಟ್ಟಿತು.

ಇನ್ನಾದರೂ ಅವಸರ ಮಾಡುತ್ತಾರೆ ಎಂದುಕೊಂಡರೆ, ಅತ್ತೆ ಮತ್ತೆ ಹೊಸದಾಗಿ ವಿಭೂತಿ ಹಚ್ಚಿಕೊಂಡರು. ಪತ್ರಿಯ ಒಂದೊಂದು ಎಲೆಯನ್ನೂ ಒರೆಸಿ ಏರಿಸಿದರು. ನಾವೆಲ್ಲ ನೀರಿನ ತಂಬಿಗೆ ಹಿಡಿದು ಸುತ್ತ ನಿಂತಿದ್ದೆವು, ಬಾಯಾರಿದವರು ನಾವೇ ಎಂಬಂತೆ. ಕಡೆಗೆ ಅವರು ಕಣ್ಣು ತೆರೆದು ತಂಬಿಗೆ ಎತ್ತಿದರು. ಗಂಟಲಲ್ಲಿ ನೀರು ಇಳಿಯುವುದು ನನಗೆ ಕಾಣಿಸಿತು. ಯಜಮಾನರು ಚೌಕಟ್ಟು ಬಿಟ್ಟು, ಮಾತ್ರೆ ಹುಡುಕುವ ನೆಪ ಮಾಡಿಕೊಂಡು ಒಳಗೆ ಹೋದರು.

ತೊಟ್ಟಿಲು ತೂಗಿದ್ದಾಯಿತು, ಹೆಸರು ಕೂಗಿದ್ದಾಯಿತು. ಸಂಜೆ ಹೊರಡುವ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ: ಕೊಂಡಿ ಮುರಿದದ್ದು ಮುರಿದೇ ಇದೆ. ಗಿರಿಜಾ ದಾರ ತಂದಳು, ಅವಳ ಯಜಮಾನರು ರಬ್ಬರ್ ಬ್ಯಾಂಡ್ ತಂದರು. ನಾನು ವ್ಯಾನಿಟಿ ಬ್ಯಾಗನ್ನು ಬೆನ್ನ ಹಿಂದೆ ಸರಿಸಿಕೊಂಡು, ಗೋಡೆಯ ಕ್ಯಾಲೆಂಡರನ್ನು ಓದುತ್ತ ನಿಂತೆ.

"ಎಲ್ಲದ ನಿನ್ನ ಪಟ್ಟಿ?" ಎಂದರು ಅತ್ತೆ.

"ಬ್ಯಾಡ್ರಿ ಅತ್ತಿ. ಇವತ್ತು ಆಗಿದ್ದು ಸಾಕಾಗಿಲ್ಲೇನ್ರಿ?"

"ದಾರ ಜಾರ್ತದ, ರಬ್ಬರ್ ಹರಿತದ. ಇದು ಬಿಡಾಂಗಿಲ್ಲ ಅನ್ನೋದು ಇಡೀ ಮಾನ್ವಿಗೆ ಗೊತ್ತಾತು. ಹಚ್ಚು. ನಾಳಿ ಮುಂಜಾನಿ ಬಿಚ್ಚಾಕ ನೀ ಇರ್ತೀಯಲ್ಲ."

ಇದು ಕ್ಷಮೆಯೋ ಶಿಕ್ಷೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಸುರುಳಿ ತೆಗೆದು ಮತ್ತೆ ಅವರ ಮುಂದೆ ಕೂತೆ. ಸುತ್ತಿ ಮುಗಿಸಿ, ಅಭ್ಯಾಸದಂತೆ ತುದಿಯನ್ನು ನುಣ್ಣಗೆ ತೀಡಲು ಹೆಬ್ಬೆರಳು ಎತ್ತಿದಾಗ ಅವರು ನನ್ನ ಕೈ ಹಿಡಿದರು.

"ಅಷ್ಟು ಚಂದ ಮಾಡಬ್ಯಾಡ ಯವ್ವಾ. ಹಿಡದು ಎಳಿಯಾಕ ಒಂದೀಟು ಬಾಲ ಬಿಡು."

ತುದಿಯನ್ನು ಮಡಚಿ, ಕರಡಿಗೆಗೆ ಒಂದೀಟು ಬಾಲ ಬಿಟ್ಟೆ. ಅತ್ತೆ ಅದನ್ನು ಬೆರಳಿನಿಂದ ಒಮ್ಮೆ ಎಳೆದು ನೋಡಿ, ಸೆರಗು ಹೊದ್ದು, ಕಾರು ಹತ್ತಲು ನನ್ನ ಹೆಗಲ ಮೇಲೆ ಕೈ ಇಟ್ಟರು.